ತುಕ್ಕು ಉಜ್ಜಿದ ಉಪಕಾರ

ತೋಮೆಕೋ ಬೆಳಿಗ್ಗೆ ಎದ್ದವಳೇ ಪಕ್ಕದ ಮನೆಯ ತಾಶಿರೋಗೆ ಒಂದು ಉಪಕಾರ ಮಾಡಿದಳು. ಅವನು ಹಿತ್ತಲ ಕಟ್ಟೆಯ ಮೇಲಿಟ್ಟಿದ್ದ ಕಬ್ಬಿಣದ ಬಿಲ್ಲೆಗೆ ತುಕ್ಕು ಹಿಡಿದದ್ದು ಕಂಡು, ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿ ತಿಕ್ಕಿ ಬೆಳಗಿಟ್ಟಳು.

"ನೋಡು ತಮ್ಮಾ, ಫಳಫಳ!"

ತಾಶಿರೋ ಬಿಲ್ಲೆಯನ್ನು ಅವಳ ಕೈಯಿಂದ ಕಸಿದುಕೊಂಡ. "ಅಕ್ಕಾ! ಆ ತುಕ್ಕು ಹಿಡಿಸೋಕೆ ನಂಗೆ ಹನ್ನೆರಡು ದಿನ ಬೇಕಾಯ್ತು!"

"ತುಕ್ಕನ್ನ ಬೇಕಂತ ಹಿಡಿಸ್ತಾರೇನೋ?"

ಅವಳು ಒಸಾಕಾದಿಂದ ಕುಮಾಮೊತೊಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಇಲ್ಲಿನ ಚಿನ್ನದ ಕುಸುರಿಯವರು ಕಬ್ಬಿಣಕ್ಕೆ ಮೊದಲು ತುಕ್ಕು ಹಿಡಿಸಿ, ಆಮೇಲೆ ಗಟ್ಟಿ ಟೀಯಲ್ಲಿ ಕುದಿಸುತ್ತಾರೆ. ತುಕ್ಕು ಕಾಡಿಗೆಯಂತೆ ಕಪ್ಪಾಗುತ್ತದೆ. ಅದರ ಮೇಲೆ ಚಿನ್ನ ಬೆಂಕಿಯಂತೆ ಹೊಳೆಯುತ್ತದೆ. ತಾಶಿರೋನ ಬಿಲ್ಲೆ ಸಮುರಾಯ್ ಕತ್ತಿಯ ಹಿಡಿಗೆ ಕೂರುವಂಥದ್ದು, ಎರಡು ಚಿನ್ನದ ಕೊಕ್ಕರೆಗಳದ್ದು. ಒಂಬತ್ತು ವರ್ಷ ಕಲಿತರೂ ಅವನಿಗೆ ತನ್ನ ಕೆಲಸದ ಮೇಲೆ ತನ್ನ ಹೆಸರು ಕೆತ್ತುವ ಅಪ್ಪಣೆ ಸಿಕ್ಕಿರಲಿಲ್ಲ. ಈ ಸಂಜೆ ದೀಪೋತ್ಸವದ ತೋಟದಲ್ಲಿ ಗುರು ಉಚಿಮುರಾ ಬಿಲ್ಲೆ ನೋಡಿ ತಲೆಯಾಡಿಸಿದರೆ ಆ ಅಪ್ಪಣೆ ಸಿಗುತ್ತಿತ್ತು.

ಹನ್ನೆರಡು ದಿನದ ಕೆಲಸವನ್ನು ಒಂದೇ ಹಗಲಿಗೆ ಇಳಿಸಲು ತಾಶಿರೋ ತುಕ್ಕು ಹಿಡಿಸುವ ರಸ ಬಳಿದ, ಬೆಂಕಿಗೆ ಹಿಡಿದ, ಮತ್ತೆ ಬಳಿದ. ತಪ್ಪಿಗೆ ಪ್ರಾಯಶ್ಚಿತ್ತವೆಂದು ತೋಮೆಕೋ ಎಷ್ಟು ಜೋರಾಗಿ ಬೀಸಣಿಗೆ ಬೀಸಿದಳೆಂದರೆ, ಕೆಂಡ ಹಾರಿ ಅವನ ಪ್ಯಾಂಟಿನ ಮಂಡಿ ತೂತಾಯಿತು. ಅಂತೂ ಐದಕ್ಕೆ ತುಕ್ಕು ಬಂತು. ಟೀಯಲ್ಲಿ ಕುದಿಸಲು ಮಾತ್ರ ಹೊತ್ತಿರಲಿಲ್ಲ. ಉತ್ಸವದ ಸಮುರಾಯ್ ವೇಷಕ್ಕೆ ಕವಚ ತೊಟ್ಟು ತೋಟದಲ್ಲಿ ಜನರಿಗೆ ಕುಸುರಿ ತೋರಿಸಲು ಹೋಗಬೇಕಿತ್ತು.

"ಅಲ್ಲೇ ನನ್ನ ಟೀ ಅಂಗಡಿ ಇದೆಯಲ್ಲ, ಹಂಡೇಲಿ ಮುಳುಗಿಸು," ಎಂದಳು ತೋಮೆಕೋ.

ಪೈನ್ ಮರಗಳ ಬುಡದಲ್ಲಿ ದೀಪ ಹೊತ್ತಿದವು. ಸಮುರಾಯ್ ತಾಶಿರೋ ಗಾಳ ಹಾಕಿದವನಂತೆ ಬಿಲ್ಲೆ ಕಟ್ಟಿದ ದಾರವನ್ನು ಟೀ ಹಂಡೆಗೆ ಇಳಿಬಿಟ್ಟು ನಿಂತ. ಜನ ಮುತ್ತಿಕೊಂಡರು.

"ಇದೇನಮ್ಮ, ಟೀ ಒಳಗೆ ಕಬ್ಬಿಣ?"

ತೋಮೆಕೋ ಕಣ್ಣು ಮಿಟುಕಿಸಲಿಲ್ಲ. "ಯುದ್ಧಕ್ಕೆ ಮುಂಚೆ ಸಮುರಾಯ್‌ಗಳು ಕುಡೀತಿದ್ದದ್ದು ಇದನ್ನೇ. ರಕ್ತ ಹೆಚ್ಚುತ್ತೆ!"

ಸಾಲು ಸೇತುವೆಯವರೆಗೂ ಬೆಳೆಯಿತು.

"ಅಕ್ಕಾ, ಸಾಕು, ಕೊಡ್ಬೇಡಿ! ಟೀ ಇಳಿದು ಕೊಕ್ಕರೆ ತಲೆ ಹೊರಗೆ ಬಂತು!"

"ಸುಮ್ನಿರೋ, ಇಂಥ ವ್ಯಾಪಾರ ಯಾವತ್ತೂ ಆಗಿಲ್ಲ!"

ತಾಶಿರೋ ಅವಳ ಕೈಯಿಂದ ಸೌಟು ಕಸಿದು, ಹಂಡೆಗೆ ಅಡ್ಡ ನಿಂತು, ಉಳಿದ ನಾಲ್ಕು ಲೋಟ ಟೀ ಕಾಪಾಡಿದ. ಕೊನೆಗೆ ಬಿಲ್ಲೆ ಎತ್ತಿದ. ಅಮಾವಾಸ್ಯೆಯಂಥ ಕಪ್ಪು! ಕೊಕ್ಕರೆಗಳು ಈಗಲೋ ಆಗಲೋ ಹಾರುವಂತಿದ್ದವು.

ಅಷ್ಟರಲ್ಲಿ ಎಂಬತ್ತೊಂದರ ಗುರುಗಳು ಕೋಲೂರಿಕೊಂಡು ಬಂದರು. ಬಿಲ್ಲೆಯನ್ನು ದೀಪಕ್ಕೆ ಹಿಡಿದರು. ತಿರುಗಿಸಿದರು. ಅವರ ಕಣ್ಣು ಒದ್ದೆಯಾಯಿತು. ತಾಶಿರೋ ಕವಚದ ಸಮೇತ ಮುಂದೆ ಬಾಗಿದ.

"ಎಲ್ಲಿ ಸಿಕ್ತೋ ಇದು ನಿಂಗೆ?"

"ಗುರುಗಳೇ, ನಾನೇ..."

"ನೋಡಿದ್ಯಾ, ಪ್ರಾಯದಲ್ಲಿ ನನ್ನ ಕೈ ಹೇಗಿತ್ತು ಅಂತ! ಈ ರೆಕ್ಕೆ ಇನ್ಯಾರಿಗೆ ಬರುತ್ತೆ? ಮಾಡಿದ್ದೇ ಮರೆತುಹೋಗಿತ್ತು."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಗುರುಗಳು ಬಿಲ್ಲೆಯನ್ನೂ ಉಳಿಯನ್ನೂ ತಾಶಿರೋನ ಕೈಗಿಟ್ಟರು. "ಹೆಸರಿನ ಜಾಗ ಖಾಲಿ ಬಿಟ್ಟಿದ್ದೀನಿ ನೋಡು. ನನ್ನ ಕೈ ಈಗ ನಡುಗುತ್ತೆ, ನೀನೇ ಕೆತ್ತು. ಉಚಿಮುರಾ ಅಂತ. ಅಕ್ಷರ ಸ್ವಲ್ಪ ದೊಡ್ಡದಾಗೇ ಇರಲಿ."