ಎರಡನೆಯ ಸಲ ಮುಳುಗಿದ ತಂಗಡಿಹಾಳ

ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸವೆಸಿದ ಜಮಖಂಡಿಯ ಹೊಳೆಪ್ಪನಿಗೆ, ತಾನು ಅಳೆಯದ ಜಾಗ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬ ಭ್ರಮೆಯಿತ್ತು. ಮದುವೆಗೆ ಹೋದರೆ ಅಕ್ಕಿಕಾಳು ಬೀಳುವ ಮೊದಲೇ ಹಂದರದ ಉದ್ದಗಲ ಹೇಳಿಬಿಡುತ್ತಿದ್ದ. ಸತ್ತವರ ಮಣ್ಣಿಗೆ ಹೋದರೆ ಕುಣಿಯೊಳಗೆ ಬಗ್ಗಿ ನೋಡಿ, "ಮೂರು ಬಟ್ಟು ಕಮ್ಮಿ ಬಿದ್ದೈತಿ" ಎಂದು ತೀರ್ಪು ಕೊಡುತ್ತಿದ್ದ. ಕಂಡವರ ಮಣ್ಣಿನಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಆದರೆ ಎರಡು ತಿಂಗಳ ಹಿಂದೆ, ಸ್ವಂತ ಅತ್ತೆ ಪದ್ಮವ್ವನ ಮಣ್ಣಿನಲ್ಲೂ ಅಂದುಬಿಟ್ಟ!

ಅಂದಿನಿಂದ ಹೆಂಡತಿ ಸಾತವ್ವ ಅವನೊಡನೆ ದಿನಕ್ಕೆ ಮೂರೇ ಮಾತು ಆಡುತ್ತಿದ್ದಳು. "ನೀರು ಕಾದಾವು." "ಉಣ್ಣಾಕ ಬರ್ರಿ." "ಕದಾ ಹಾಕ್ರಿ." ಉಳಿದ ಹೊತ್ತು ಮನೆಯಲ್ಲಿ ಗಡಿಯಾರವೊಂದೇ ಮಾತಾಡುತ್ತಿತ್ತು.

ಸಾತವ್ವನ ಎದೆಯಲ್ಲಿ ಕುಣಿಯ ಆಳಕ್ಕಿಂತ ಬೇರೆಯದೇ ಒಂದು ಮುಳ್ಳು ಮುರಿದಿತ್ತು. ಪದ್ಮವ್ವ ಕೊನೆಯ ಹದಿನೈದು ದಿನ ಒಂದೇ ಹಟ ಹಿಡಿದಿದ್ದಳು: "ನನ್ನ ಮನಿಗಿ ಒಯ್ರಿ."

"ಇದ ನಿನ್ನ ಮನಿ ಬೇ ಯವ್ವಾ," ಎಂದು ಸಾತವ್ವ ಊರು ಮುಳುಗಿದವರಿಗೆ ಸರ್ಕಾರ ಕೊಟ್ಟ ಪುನರ್ವಸತಿ ಕೇಂದ್ರದ ಮನೆಯ ಗೋಡೆ ತಟ್ಟಿ ತೋರಿಸುತ್ತಿದ್ದಳು. ಇಪ್ಪತ್ನಾಲ್ಕು ವರ್ಷ ಒರಗಿ ಕೂತ ಗೋಡೆಯನ್ನು ಮುದುಕಿ ಒಮ್ಮೆ ನೋಡಿ, "ಇದಲ್ಲ" ಎಂದು ಮಗ್ಗುಲು ಬದಲಿಸುತ್ತಿದ್ದಳು. ಆಕೆ ಕೇಳುತ್ತಿದ್ದ ಮನೆ ಬೀಳಗಿ ಕಡೆಯ ತಂಗಡಿಹಾಳದಲ್ಲಿತ್ತು. ತಂಗಡಿಹಾಳ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿತ್ತು. ಎಲ್ಲಿಗೆ ಒಯ್ಯುವುದು?

ಇಂಥ ಹೊತ್ತಿನಲ್ಲಿ ಕಚೇರಿಯ ಜಕ್ಕಪ್ಪ ಒಂದು ಸುದ್ದಿ ತಂದ. ಬನಹಟ್ಟಿಯಲ್ಲಿ ಗಿರಿಮಲ್ಲಪ್ಪ ಎಂಬ ನಿವೃತ್ತ ಡ್ರಾಯಿಂಗ್ ಮಾಸ್ತರರು ತಮ್ಮ ಹಳೆಯ ಮಗ್ಗದ ಶೆಡ್ಡಿನಲ್ಲಿ ಸಣ್ಣದೊಂದು ವಸ್ತುಸಂಗ್ರಹಾಲಯ ಮಾಡಿದ್ದಾರಂತೆ. ಹಿಂದಿನ ಕಾಲದ ಊರು, ಅರಮನೆ, ದಂಡು, ಸಂತೆ, ಎಲ್ಲವನ್ನೂ ಮೇಜಿನ ಮೇಲೆ ಬೆರಳುದ್ದ ಮಾಡಿ ಇಟ್ಟಿದ್ದಾರಂತೆ. ಅದರಲ್ಲಿ ತಂಗಡಿಹಾಳವೂ ಇದೆಯಂತೆ!

ಹೊಳೆಪ್ಪ ಅಂದು ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಡಂಗುರ ಸಾರುವವನಂತೆ ಘೋಷಿಸಿದ:

"ಸಾತವ್ವಾ! ನಾಳಿ ರವಿವಾರ ನಿನಗ ನಿನ್ನ ತವರೂರ ತೋರಸ್ತೇನಿ!"

"ನೀರಾಗ ಐತಿ."

"ನೀರಾಗಿಂದ ತಗದು ತೋರಸ್ತೇನಿ! ಒಂದೊಂದು ಮನಿ ಹೆಸರ ಹಿಡದು ಹೇಳ್ತೇನಿ. ನಾ ಅಳದ ಊರದು!"

ಅದು ಖರೆ. ಮುಳುಗಡೆಗೆ ಮುಂಚೆ ಮನೆಗಳ ಅಳತೆಗೆ ಬಂದ ತಂಡದಲ್ಲಿ ಹೊಳೆಪ್ಪನೂ ಇದ್ದ. ಆಗಲೇ ಆ ಊರಿನ ಅಳಿಯನೂ ಆಗಿದ್ದ. "ಅಳಿಯಾಕ ಬಂದ ಅಳಿಯ" ಎಂದು ಊರ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಆಮೇಲೆ ಅವರು ನಗಲಿಲ್ಲ. ಬಾಗಿಲು, ತೊಲೆ, ಕಿಟಕಿ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಊರಿಗೂರೇ ಎದ್ದುಹೋದ ವಾರ ಸಾತವ್ವ ಜಮಖಂಡಿಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ತವರನ್ನು ಕೊನೆಯ ಸಲ ನೋಡಲೂ ಆಗಿರಲಿಲ್ಲ.

ರವಿವಾರ ಸಾತವ್ವ ಅವ್ವ ಕೊಟ್ಟ ಇಳಕಲ್ ಸೀರೆ ಉಟ್ಟು ಹೊರಟಳು. ಇದು ನೋಡಿ ಬರುವ ಸಂಭ್ರಮದ ಉಡುಗೆಯಾಗಿರಲಿಲ್ಲ. ಸತ್ತವರ ಮನೆಗೆ ಮಾತಾಡಿಸಲು ಹೋಗುವವರ ಮುಖವಿತ್ತು ಅವಳಿಗೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಬಸ್ಸಿಗೆ ಅಡ್ಡಬಂದವು. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಹೊಳೆಪ್ಪ ಮಾತ್ರ ಪಕ್ಕದ ಸೀಟಿನವರಿಗೆ ತಾನು ಅಳೆದ ಹಳ್ಳಿಗಳ ಹೆಸರು ಒಪ್ಪಿಸುತ್ತ ಬಂದ.

ಗಿರಿಮಲ್ಲಪ್ಪ ಮಾಸ್ತರರು ಎಪ್ಪತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಕನ್ನಡಕದ ಒಂದು ಕಿವಿಗೆ ದಾರ ಕಟ್ಟಿಕೊಂಡಿದ್ದರು. ಮಗ್ಗಗಳು ಹೋಗಿ ಬರಿದಾದ ಶೆಡ್ಡಿನಲ್ಲಿ ಆರು ಮೇಜು, ಒಂದೊಂದರ ಮೇಲೂ ಗಾಜಿನ ಮುಚ್ಚಳ. ಗೋಡೆಗೆ ತಾವೇ ಬರೆದ ಹಲಗೆ: "ಕಣ್ಣು ಹಚ್ಚಿರಿ, ಕೈ ಹಚ್ಚಬೇಡಿರಿ."

ಮೊದಲ ಮೇಜಿನಲ್ಲಿ ಜಮಖಂಡಿ ಸಂಸ್ಥಾನದ ಮೆರವಣಿಗೆ. ಆನೆ ಹೆಬ್ಬೆರಳಷ್ಟು, ಅಂಬಾರಿ ಹುಣಸೆಬೀಜದಷ್ಟು. ಎರಡನೆಯದರಲ್ಲಿ ಮುಧೋಳದ ನಾಯಿಗಳು ಮೊಲದ ಬೆನ್ನು ಹತ್ತಿದ್ದವು. ಮೂರನೆಯದರಲ್ಲಿ ನೇಕಾರರ ಓಣಿ. ಕಡ್ಡಿಪೆಟ್ಟಿಗೆಗಿಂತ ಚಿಕ್ಕ ಮಗ್ಗದಲ್ಲಿ ನಿಜವಾದ ದಾರದ ಹಾಸು! ಯಾರಾದರೂ ಬೆರಗಾಗಬೇಕು.

"ಆನೀ ಕಾಲು ಗಿಡ್ಡ ಬಿದ್ದಾವ್ರೀ ಮಾಸ್ತರ," ಎಂದ ಹೊಳೆಪ್ಪ.

ಮಾಸ್ತರರು ಕನ್ನಡಕದ ಮೇಲಿಂದ ಅವನನ್ನು ನೋಡಿ ಮುಂದೆ ನಡೆದರು.

ಕೊನೆಯ ಮೇಜು ತಂಗಡಿಹಾಳದ್ದು. ಸಾತವ್ವ ಆ ಊರಿನ ಮಗಳೆಂದು ತಿಳಿದಾಗ ಮಾಸ್ತರರ ದನಿ ಮೆತ್ತಗಾಯಿತು. "ನಾ ಆ ಊರ ಕಂಡಾವಲ್ಲ ತಂಗೆವ್ವಾ. ಎರಡ ಫೋಟೋ ಸಿಕ್ಕಿದ್ದವು, ನಾಕು ಮಂದಿ ಹಿರಿಯಾರು ಹೇಳಿದ್ದರು. ಹೊಳಿ ದಂಡಿ ಮಣ್ಣ ತಂದು ಮಾಡೇನಿ. ನಿನಗ ಗಾಜಿನ ಮ್ಯಾಲಿಂದ ತೋರಸಬಾರದು, ತಡಿ," ಎಂದು ಗಾಜಿನ ಮುಚ್ಚಳವನ್ನು ಎತ್ತಿ ಗೋಡೆಗೆ ಒರಗಿಸಿಟ್ಟರು.

ಸಾತವ್ವ ಬಗ್ಗಿದಳು. ಅರವತ್ತು ಮಣ್ಣಿನ ಮಾಳಿಗೆ ಮನೆಗಳು. ಬೀರಪ್ಪನ ಗುಡಿ, ಅದರ ಹಿಂದೆ ಬಾವಿ. ಆಲದ ಮರ, ಶಾಲೆ, ಅತ್ತ ಬಣ್ಣ ಬಳಿದ ಹೊಳೆ. ಅವಳ ತುಟಿ ಸಣ್ಣಗೆ ಅಲುಗತೊಡಗಿತು. ಓಣಿಯೊಳಗೆ ಕಾಲಿಟ್ಟು ಒಂದೊಂದೇ ಬಾಗಿಲು ದಾಟುತ್ತಿರುವವಳಂತೆ ಅವಳ ಕಣ್ಣು ನಡೆಯುತ್ತಿತ್ತು. ಇಲ್ಲಿಯಾದರೂ ಹೊಳೆಪ್ಪ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಅವನು ಕೈಚೀಲದಿಂದ ಎರಡು ಲೀಟರಿನ ನೀರಿನ ಬಾಟಲಿ ತೆಗೆದು ಗಟಗಟ ಕುಡಿದು, ಬಿರಡೆ ಹಾಕದೆಯೇ ಮೇಜಿನ ಅಂಚಿಗಿಟ್ಟು, ಗಂಟಲು ಸರಿಮಾಡಿಕೊಂಡ.

"ಮಾಸ್ತರ, ತಪ್ಪಾಗೇತಿ."

"ಏನ ತಪ್ಪಾತ್ರೀ?"

"ಬಾವಿ ಗುಡಿ ಮುಂದ ಇತ್ತು. ನೀವು ಹಿಂದ ಇಟ್ಟೀರಿ."

"ನಾಕೂ ಮಂದಿ ಹಿಂದ ಅಂದಾರ್ರೀ."

"ಮಂದಿ ಏನ್ ಬೇಕಾದ್ದು ಅಂತಾರ. ನಾ ಅಳದೇನಿ!"

"ರೀ, ಸುಮ್ಕಿರ್ರಿ," ಎಂದಳು ಸಾತವ್ವ, ಕಣ್ಣು ಎತ್ತದೆ.

ಸುಮ್ಮನಿರುವುದೇ? ಸರ್ಕಾರಿ ಅಳತೆಯ ಮಾನದ ಪ್ರಶ್ನೆ! ಹೊಳೆಪ್ಪ ಜೇಬಿನಿಂದ ಸ್ಟೀಲ್ ಟೇಪು ಎಳೆದ. "ಗುಡಿಯಿಂದ ಸಾಲೀ ತನಕ ಎಷ್ಟ ಐತಿ ನೋಡೂಣು, ಲೆಕ್ಕಾ ಮಾಡಿ ತೋರಸ್ತೇನಿ," ಎಂದು ಊರಿನ ನೆತ್ತಿಯ ಮೇಲೆ ಟೇಪನ್ನು ಈ ತುದಿಯಿಂದ ಆ ತುದಿಗೆ ಚಾಚಿದ.

"ಕೈ ತಗೀರಿ!" ಎಂದು ಮಾಸ್ತರರು ಕೂಗಿದರು.

ಆ ಕೂಗಿಗೆ ಬೆಚ್ಚಿದ ಹೊಳೆಪ್ಪ ಟೇಪಿನ ತುದಿ ಬಿಟ್ಟ. ಯಾವ ಬಾದಶಹನ ದಂಡೂ ಒಂದು ಊರನ್ನು ಅಷ್ಟು ಬೇಗ ಸೂರೆ ಮಾಡಿರಲಿಕ್ಕಿಲ್ಲ! ಸರ್ರನೆ ಸುರುಳಿ ಸುತ್ತಿಕೊಳ್ಳುತ್ತ ಬಂದ ಟೇಪು ದಾರಿಯಲ್ಲಿ ಹನ್ನೊಂದು ಮನೆಗಳನ್ನು ನೆಲಸಮ ಮಾಡಿತು. ಆಲದ ಮರ ಬುಡಮೇಲಾಯಿತು. ಬೀರಪ್ಪನ ಗುಡಿಯ ಶಿಖರ ಹಾರಿಹೋಗಿ ನೇಕಾರರ ಓಣಿಯ ಗಾಜಿಗೆ ಟಣ್ಣೆಂದು ಬಡಿಯಿತು. ಹೊಳೆಪ್ಪ ಊರನ್ನು ಉಳಿಸಲು ಎರಡೂ ಕೈ ಚಾಚಿ ಮುನ್ನುಗ್ಗಿದ. ಮೊಣಕೈ ಬಾಟಲಿಗೆ ತಗುಲಿತು. ಬಾಟಲಿ ಉರುಳಿತು.

ಮಣ್ಣು ಕೆಳಗುದುರದಿರಲೆಂದು ಮೇಜಿನ ಸುತ್ತ ಮಾಸ್ತರರು ಎತ್ತರದ ಪಟ್ಟಿ ಹೊಡೆದಿದ್ದರು. ಆ ಪಟ್ಟಿ ಈಗ ಅಣೆಕಟ್ಟಿನ ಕೆಲಸ ಮಾಡಿತು! ನೀರು ಹೊಳೆಯ ಕಡೆಯಿಂದಲೇ ನುಗ್ಗಿ, ಓಣಿ ಹಿಡಿದು, ಗುಡಿಯ ಕಟ್ಟೆ ಏರಿ ನಿಂತಿತು. ಮೊದಲ ಸಲ ತಂಗಡಿಹಾಳ ಮುಳುಗಲು ವರ್ಷಗಟ್ಟಲೆ ನೋಟೀಸು, ಸಭೆ, ಅಳತೆ ಬೇಕಾಗಿದ್ದವು. ಹೊಳೆಪ್ಪ ಅರ್ಧ ನಿಮಿಷದಲ್ಲಿ ಮುಗಿಸಿದ.

ಮಾಸ್ತರರು ನೀರಿನಿಂದ ಹೊಳೆಪ್ಪನ ಕಡೆಗೆ ತಿರುಗಿದರು. ಕೇಳಿದರು: "ಏನ್ರೀ ನಿಮ್ಮ ಹೆಸರು?"

"ಹೊಳೆಪ್ಪ."

"ಅದಕ್ಕ!" ಎಂದರು ಮಾಸ್ತರರು. "ಒಮ್ಮೆ ಹೊಳಿ ಬಂತು. ಈಗ ಅದರಪ್ಪ ಬಂದ!"

ಈ ಇಬ್ಬರೂ ನೋಡದೆ ಇದ್ದದ್ದು ಸಾತವ್ವನನ್ನು. ಅವಳು ಅಳಲಿಲ್ಲ, ಬಯ್ಯಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಮೇಜಿನ ಮೂಲೆಯಲ್ಲಿ ಹಾಸಿ, ಸುಡದ ಹಸಿಮಣ್ಣಿನ ಮನೆಗಳು ಕರಗುವ ಮೊದಲು ಒಂದೊಂದನ್ನೇ ಎತ್ತಿ ಅದರ ಮೇಲೆ ಇಡತೊಡಗಿದಳು. ಎತ್ತುವಾಗ ಮನೆಯವರನ್ನು ಹೊರಗೆ ಕರೆಯುವಂತೆ ಮಾತಾಡುತ್ತಿದ್ದಳು.

"ಚನಮಲ್ಲಪ್ಪಕಾಕಾನ ಮನಿ. ಕಾಕಾ ಕುಂಟ ಇದ್ದ, ಮೊದಲ ಇವನ್ನ ಎತ್ತಬೇಕು... ಇದು ಕಂಬಳಿ ನೇಯಾವ್ರದು, ಬಾಗಲಾ ಮೂಡಲಕ್ಕ ಇತ್ತು... ಇದು ಹಡಪದವ್ರ ಗೌರವ್ವನ ಮನಿ, ಹಿತ್ತಲದಾಗ ಕರಿಬೇವಿತ್ತು, ಊರ ಮಂದಿಗೆಲ್ಲಾ ಅದ ಕರಿಬೇವು..."

ಎರಡು ತಿಂಗಳಿಂದ ದಿನಕ್ಕೆ ಮೂರೇ ಮಾತಾಡಿದ ಹೆಂಗಸು! ಮಾಸ್ತರರು ಮೊದಲು ಟವೆಲು ಹಿಡಿದು ನೀರು ಒತ್ತಲು ಓಡಿಬಂದವರು, ನಡುವೆಯೇ ನಿಂತು, ಟವೆಲು ಹೊಳೆಪ್ಪನ ಕೈಗೆ ತುರುಕಿ, ನೋಟುಬುಕ್ಕು ತಂದು ಬರೆದುಕೊಳ್ಳತೊಡಗಿದರು.

"ತಂಗೆವ್ವಾ, ಕರಿಬೇವಿನ ಗಿಡಾ ಎಡಕ್ಕಿತ್ತೋ ಬಲಕ್ಕೋ?"

"ಎಡಕ್ಕ್ರಿ. ಬಾವಿ ಗುಡಿ ಹಿಂದನ ಇತ್ತ್ರಿ. ನೀವು ಖರೇನ ಮಾಡಿದ್ರಿ."

"ಅಲಾ ಸಾತವ್ವ, ನಾ ಅಳದಿದ್ದು..." ಎಂದ ಹೊಳೆಪ್ಪ, ಟವೆಲು ಹಿಂಡುತ್ತ.

"ಅಳದಾವ ನಿಮ್ಮ ಜವಾನ ಸಿದರಾಯ. ನೀವು ನಮ್ಮವ್ವ ಕೊಟ್ಟ ಚಾ ಕುಡ್ಕೋತ ಕಟ್ಟಿ ಮ್ಯಾಲ ಕುಂತಿದ್ರಿ."

ಮೂವತ್ತೊಂದು ವರ್ಷದ ಸೇವೆ ಒಂದು ವಾಕ್ಯದಲ್ಲಿ ಹೊಳೆಪಾಲಾಯಿತು! ಆದರೂ ಹೊಳೆಪ್ಪ ಸೋಲುವ ಜಾತಿಯಲ್ಲ. ಅತ್ತೆಯ ಮನೆಯೊಂದನ್ನಾದರೂ ತಾನೇ ಉಳಿಸಿಕೊಡಬೇಕೆಂದು ಮೇಜಿನ ಮೇಲೆ ಎಡಗೈ ಊರಿ, ಬಲಗೈಯಿಂದ ಕೆಸರು ತಡಕಾಡಿ, ಕೊನೆಗೂ ಚೂರೂ ಮುಕ್ಕಾಗದ ಪುಟ್ಟ ಕಟ್ಟಡವೊಂದನ್ನು ಹೊರತೆಗೆದ. ನಿಧಿ ಸಿಕ್ಕವನಂತೆ ಎತ್ತಿಹಿಡಿದ.

"ತಗೋ! ನಿನ್ನ ತವರ ಮನಿ! ನೆಟ್ಟಗ ಉಳದೈತಿ!"

ಸಾತವ್ವ ನೋಡಿದಳು. "ಇದು ಸಾಲಿ ಸಂಡಾಸ್ರೀ."

"ಮತ್ತ... ನಿಮ್ಮ ಮನಿ?"

"ನೀವು ಅದರ ಮ್ಯಾಲನ ಕೈ ಊರೀರಿ."

ಹೊಳೆಪ್ಪ ಎಡಗೈ ಎತ್ತಿದ. ಅಂಗೈ ತುಂಬ ಕಪ್ಪು ಮಣ್ಣು ಮೆತ್ತಿತ್ತು, ನಡುವೆ ಬಾಗಿಲಾಗಿದ್ದ ಒಂದು ಕಡ್ಡಿಚೂರು. ಆ ಗಳಿಗೆಯಲ್ಲಿ ಅವನಿಗೆ ಏನೋ ಹೇಳಬೇಕೆನಿಸಿತು. ಕುಣಿಯ ಹತ್ತಿರ ಆಡಿದ ಮಾತು ತಪ್ಪಾಯಿತು ಎಂದೋ, ಅಂದು ಆ ಕಟ್ಟೆಯ ಮೇಲೆ ಚಹಾ ಕುಡಿಯುವಾಗ, ಎದುರಿಗೆ ನಿಂತು ಇನ್ನಷ್ಟು ಬೆಲ್ಲ ಹಾಕಲೇ ಎಂದು ಕೇಳಿದ ಅತ್ತೆಯ ಮುಖವನ್ನು ತಾನು ತಲೆ ಎತ್ತಿ ನೋಡಿರಲಿಲ್ಲ ಎಂದೋ. ಆದರೆ ಬಾಯಿಗೆ ಬಂದದ್ದು ಅಳತೆಯ ಮಾತುಗಳಷ್ಟೇ. ಅವನ್ನು ನುಂಗಿ, ಬಲಗೈಯಿಂದ ಮೇಜಿನ ನೀರು ಒರೆಸತೊಡಗಿದ.

ಸೆರಗಿನ ಮೇಲೆ ಉಳಿದದ್ದು ಹತ್ತೊಂಬತ್ತು ಮನೆ; ಅವನ್ನು ಒಣಗಿಸಲು ಮಾಸ್ತರರ ಹತ್ತಿರವೇ ಬಿಟ್ಟರು. ಮರಳುವ ಬಸ್ಸಿನಲ್ಲಿ ಹೊಳೆಪ್ಪ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ. ಮಣ್ಣು ಒಣಗಿ ಬಿರಿಯುತ್ತಿತ್ತು. ಮನೆಗೆ ಬಂದು ಅವನು ನಲ್ಲಿಯ ಕಡೆ ಹೋದಾಗ ಸಾತವ್ವ ಅಂದಳು: "ತೊಳೀಬ್ಯಾಡ್ರಿ. ತುಳಸೀ ಕಟ್ಟಿಗಿ ಉದರಸ್ರಿ."

ಮುಂದಿನ ರವಿವಾರ ಸಾತವ್ವ ಒಬ್ಬಳೇ ಬಸ್ಸು ಹತ್ತಿದಳು. ಊರನ್ನು ಮತ್ತೆ ಕಟ್ಟಲು ಬಾ ಎಂದು ಮಾಸ್ತರರೇ ಹೇಳಿಕಳಿಸಿದ್ದರು. ಅದರ ಮುಂದಿನ ರವಿವಾರವೂ ಹೋದಳು. ಹೊಳೆಪ್ಪ ಅನ್ನಕ್ಕಿಟ್ಟುಕೊಂಡು, ಅದನ್ನು ಸೀಯಿಸಿಕೊಂಡು, ಸೀದದ್ದನ್ನೇ ಉಣ್ಣುವುದು ಕಲಿತ. "ನಾನೂ ಬರ್ಲೇನು? ಮಣ್ಣ ಕಲಸಾಕಾದ್ರೂ?" ಎಂದು ಒಮ್ಮೆ ಕೇಳಿದ. "ಮಾಸ್ತರ ಬ್ಯಾಡ ಅಂದಾರ" ಎಂಬ ಉತ್ತರ ಬಂತು. ಏಳು ರವಿವಾರ ಕಳೆದ ಮೇಲೆ ಅವನಿಗೂ ಕರೆ ಬಂತು, ಕೈಯಲ್ಲಿ ಏನೂ ಹಿಡಿದು ಬರಬಾರದೆಂಬ ಕರಾರಿನ ಮೇಲೆ.

ಹೊಸ ತಂಗಡಿಹಾಳದಲ್ಲಿ ಈಗ ಮಂದಿಯೂ ಇದ್ದರು. ಹೊಳೆಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಚನಮಲ್ಲಪ್ಪಕಾಕಾ ಕೋಲೂರಿ ಗುಡಿಗೆ ಹೊರಟಿದ್ದ. ಗೌರವ್ವನ ಹಿತ್ತಲಲ್ಲಿ ಎಡಕ್ಕೆ ಕರಿಬೇವಿತ್ತು. ಬಾವಿಯಿಂದ ಮೂರನೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ಹೋಗುತ್ತಿದ್ದ ಹೆಂಗಸಿನ ಬೆನ್ನಷ್ಟೇ ಕಾಣುತ್ತಿತ್ತು, ಹಸಿರು ಸೀರೆ, ಒಂದು ಕಾಲು ಹೊಸ್ತಿಲ ಒಳಗೆ.

"ಅತ್ತಿ?" ಎಂದ, ದನಿ ತಗ್ಗಿಸಿ.

"ಹೂಂ. ಮನಿಗಿ ಹೊಂಟಾಳ," ಎಂದಳು ಸಾತವ್ವ.

ಹೊಳೆಪ್ಪ ಆ ಬೆನ್ನಿನಿಂದ ಕಣ್ಣು ಸರಿಸಿ ಅತ್ತಿತ್ತ ನೋಡಿದ. ಹೊಳೆಯ ಆಚೆಯ ದಂಡೆಯಲ್ಲಿ, ಊರಿಗೆ ದೂರ, ಬಿಳಿ ಅಂಗಿಯ, ಉಗುರಿನಷ್ಟು ಎತ್ತರದ ಮನುಷ್ಯನೊಬ್ಬ ಕಂಕುಳಲ್ಲಿ ಕಾಗದದ ಕಟ್ಟು ಹಿಡಿದು ಒಬ್ಬನೇ ನಿಂತಿದ್ದ.

"ಅಲಾ, ಇದು ನಾನು! ಮೂಗು ಎಷ್ಟ ಛಲೋ ಮಾಡೀಯಲಾ! ಆದ್ರ ಸಾತವ್ವ, ನಾ ಊರ ಅಳಿಯ. ನನ್ನ್ಯಾಕ ಹೊಳಿ ಆಚಿ ದಂಡಿಗಿ ನಿಲ್ಲಿಸೀದಿ?"

ಸಾತವ್ವ ಗಾಜಿನ ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ, ಊರಿನ ಮೇಲೆ ಸಾವಕಾಶ ಇಳಿಸಿದಳು.

"ನಿಮ್ಮನ್ನ ಒಳಗ ಬಿಟ್ರ ಊರ ಉಳೀತೈತೇನ್ರೀ?"