ಗುರುಬಸವ್ವನ ಹೊಲದ ಕಸದ ಕೊರತೆ

ಸಾರವಾಡದ ಗುರುಬಸವ್ವನ ಹೊಲದಲ್ಲಿ ಕಸದ ತೀವ್ರ ಕೊರತೆ ಇದೆಯೆಂಬ ಸಂಗತಿ ಬೆಳಕಿಗೆ ಬಂದದ್ದು, ಅಲ್ಲಿ ಮಾದರಿ ಕೃಷಿ ತ್ಯಾಜ್ಯ ನಿರ್ವಹಣಾ ಘಟಕವನ್ನು ಕಟ್ಟಿ ಮುಗಿಸಿದ ಮೇಲೆ.

ಘಟಕವೆಂದರೆ ಸಿಮೆಂಟಿನ ದೊಡ್ಡ ಗುಂಡಿ, ಮೇಲೆ ತಗಡಿನ ಚಪ್ಪರ. ಅದಕ್ಕೆ ಜಾಗ ಬೇಕಾಗಿ, ಅವಳ ಅತ್ತೆಯ ಕಾಲದಿಂದ ಇದ್ದ ತಿಪ್ಪೆಯನ್ನು ಜೆಸಿಬಿ ತಂದು ತೆರವುಗೊಳಿಸಲಾಗಿತ್ತು. ತಿಪ್ಪೆ ಅವೈಜ್ಞಾನಿಕವಾಗಿತ್ತು. ಅದರಲ್ಲಿ ಗೊಬ್ಬರವಾಗುತ್ತಿದ್ದದ್ದು ನಿಜ. ಆದರೆ ಯಾರ ಮಾರ್ಗದರ್ಶನವೂ ಇಲ್ಲದೆ ಆಗುತ್ತಿತ್ತು.

ಉದ್ಘಾಟನೆ ಹತ್ತಿರವಾದಾಗ ತ್ಯಾಜ್ಯ ನಿರ್ವಹಣಾ ಅಭಿಯಾನದ ಅಧಿಕಾರಿ ಪ್ರತಾಪ ಅವರು ವಿಜಯಪುರದಿಂದ ಜೀಪಿನಲ್ಲಿ ಬಂದು ಗುಂಡಿಯೊಳಗೆ ಇಣುಕಿದರು. ಗುಂಡಿ ಸ್ವಚ್ಛವಾಗಿತ್ತು. ಅವರ ಮುಖ ಬಾಡಿತು.

“ಅಮ್ಮಾರ, ನಿಮ್ಮ ಕಸ ಎಲ್ಲೈತ್ರಿ?”

“ಎಂಥಾ ಕಸರೀ ಸಾಹೇಬ್ರ?”

“ಜೋಳದ ದಂಟು, ಕಣಿಕಿ, ಅದು ಇದು.”

“ಕಣಿಕಿ ಎಮ್ಮಿ ತಿಂತಾವಲ್ರೀ. ಉಳಿದದ್ದು ಅವುಗಳ ಕಾಲಾಗ ಹಾಸ್ತೀನಿ. ಸೆಗಣಿ ಜೋಡಿ ಅದೂ ತಿಪ್ಪಿಗೆ ಹೋಗ್ತಿತ್ತು. ಈಗ ಈ ಗುಂಡಿಗೆ ಹಾಕಲೇನ್ರಿ?”

ಪ್ರತಾಪ ಅವರು ಗಾಬರಿಯಾದರು. ಸೆಗಣಿ ಪಶು ಉತ್ಪನ್ನ. ಅದು ಬೇರೆ ಇಲಾಖೆಗೆ ಸೇರಿದ್ದು.

“ಹೋಗ್ಲಿ, ಮನ್ಯಾಗ ಉಳಿದ ರೊಟ್ಟಿ?”

“ಒಣಗಿಸಿ ಕಟಕ್ ರೊಟ್ಟಿ ಮಾಡಿ ಇಡ್ತೀನ್ರಿ.”

“ಅಂದ್ರ ಏನೂ ಚೆಲ್ಲೂದ ಇಲ್ಲೇನ್ರಿ ನೀವು?” ಅವರ ದನಿಯಲ್ಲಿ ನೋವಿತ್ತು. ಮನೆಗೆ ಬಂದವರಿಗೆ ಕೊಡಲು ಏನೂ ಇಲ್ಲದವಳಂತೆ ಗುರುಬಸವ್ವ ನಾಚಿ ಸೆರಗು ಸರಿಮಾಡಿಕೊಂಡಳು.

ಮೇಲಿನ ಕಚೇರಿಯಿಂದ ಪರಿಹಾರ ಬಂತು. ತಿಂದರೆ ಆಹಾರ, ತಿನ್ನದಿದ್ದರೆ ತ್ಯಾಜ್ಯ ಎಂದು ವ್ಯಾಖ್ಯಾನಿಸಲಾಗಿರುವುದರಿಂದ, ತಿನ್ನದೆ ಬಿಟ್ಟ ಯಾವುದೇ ಅಡುಗೆಯಿಂದ ಘಟಕವನ್ನು ತುಂಬಿಸಬಹುದು. ತಿನ್ನದೆ ಬಿಡಬೇಕಾದರೆ ಮೊದಲು ಅಡುಗೆ ಮಾಡಿಸತಕ್ಕದ್ದು.

ಉದ್ಘಾಟನೆಯ ದಿನ ಪಟ್ಟಣದಿಂದ ಬಂದ ಅಡುಗೆಯವರು ಹೊಲದಲ್ಲೇ ಒಲೆ ಹೂಡಿದರು. ಗೋಧಿ ಹುಗ್ಗಿ, ಎಣ್ಣೆಗಾಯಿ, ಬುಟ್ಟಿ ಬುಟ್ಟಿ ಬಿಸಿ ರೊಟ್ಟಿ. ಮುಖ್ಯ ಅತಿಥಿಗಳು ಒಂದು ಅಗುಳೂ ವ್ಯರ್ಥವಾಗಬಾರದೆಂದು ಕಣ್ಣು ಒದ್ದೆಯಾಗುವಂತೆ ಭಾಷಣ ಮಾಡಿದರು. ಆಮೇಲೆ ಮೈಕಿನಲ್ಲಿ ಪ್ರಕಟಣೆಯಾಯಿತು: “ಸಾರ್ವಜನಿಕರ ಗಮನಕ್ಕೆ. ಬುಟ್ಟಿಗಳಲ್ಲಿ ಇರುವುದು ತ್ಯಾಜ್ಯ. ಯಾರೂ ತಿನ್ನಬಾರದು. ಹಸಿದವರು ಮನೆಗೆ ಹೋಗಿ ಊಟ ಮುಗಿಸಿಕೊಂಡು ಬರತಕ್ಕದ್ದು.”

“ಅಕ್ಕಾ, ಹುಗ್ಗಿಗೆ ತುಪ್ಪಾನೂ ಹಾಕ್ಯಾರಲ್ಲ ಬೇ!” ಎಂದ ಪಕ್ಕದ ಹೊಲದ ಖಂಡಪ್ಪ, ಉಗುಳು ನುಂಗುತ್ತ.

“ಚಲೋತ್ನಂಗ ಕೊಳೀಲಿ ಅಂತ ಇರಬೇಕು ತಗೊ,” ಎಂದಳು ಗುರುಬಸವ್ವ.

ಹೊಲದ ಒಡತಿಯೇ ಮೊದಲ ಬುಟ್ಟಿ ಸುರಿಯಬೇಕೆಂದು ಗುರುಬಸವ್ವನನ್ನು ಕರೆದರು. ರೊಟ್ಟಿಯ ಬಿಸಿ ಅಂಗೈಗೆ ತಾಗಿತು. ತಿಳುವಳಿಕೆ ಬಂದಾಗಿನಿಂದ ರೊಟ್ಟಿ ಬಡಿದ ಕೈ ಅದು, ಒಗೆಯಲು ಬರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವುದರೊಳಗೆ ಅವಳು ತುತ್ತು ಮುರಿದು, ಎಣ್ಣೆಗಾಯಿಗೆ ಹಚ್ಚಿ, ಬಾಯಿಗಿಟ್ಟಿದ್ದಳು.

ಡೊಳ್ಳು ನಿಂತಿತು. ಪ್ರತಾಪ ಅವರು ಓಡಿ ಬಂದರು. “ಏನ್ ಮಾಡಿದ್ರೀ ಅಮ್ಮಾರ! ಸರ್ಕಾರಿ ತ್ಯಾಜ್ಯ ತಿಂದು ಕುಂತ್ರಲ್ರೀ!”

“ಹಸಿವಿ ಆಗಿತ್ರೀ.”

ತ್ಯಾಜ್ಯದ ದುರುಪಯೋಗ ಗಂಭೀರ ಅಪರಾಧವಾದರೂ, ಮಹಿಳೆಯೆಂಬ ಕಾರಣಕ್ಕೆ ಅತಿಥಿಗಳು ಉದಾರತೆ ತೋರಿದರು. ತಿಂದಷ್ಟನ್ನು ಮನೆಯಿಂದ ತಂದು ತುಂಬಿಕೊಟ್ಟರೆ ಸಾಕು. ಗುರುಬಸವ್ವ ಮನೆಗೆ ಹೋಗಿ ಒಂದು ರೊಟ್ಟಿ ಬಡಿದು ತಂದು, ಕಣ್ಣು ಮುಚ್ಚಿ ಗುಂಡಿಗೆ ಒಗೆದಳು. ಚಪ್ಪಾಳೆ ಬಿತ್ತು. ಅವಳ ಕಣ್ಣೀರು ಆನಂದಬಾಷ್ಪವೆಂದು ಮರುದಿನದ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು.

ಬಿತ್ತನೆಯ ಕಾಲ ಬಂದಾಗ ಅವಳು ಗೊಬ್ಬರ ಕೇಳಿದಳು.

“ಗೊಬ್ಬರ ತೆಗೆದ್ರ ಗುಂಡಿ ಖಾಲಿ ಅಕ್ಕೈತ್ರಿ,” ಎಂದರು ಪ್ರತಾಪ. “ಗುಂಡಿ ಖಾಲಿ ಅಂದ್ರ ಘಟಕ ಬಂದ್ ಆದಂಗ.”

ಅದು ನ್ಯಾಯವಾದ ಮಾತೆಂದು ಊರವರೂ ಒಪ್ಪಿದರು. ಅವಳು ಬಬಲೇಶ್ವರಕ್ಕೆ ಹೋಗಿ ಯೂರಿಯಾ ಚೀಲ ಹೊರಿಸಿಕೊಂಡು ಬಂದಳು. ಸಾರವಾಡಕ್ಕೆ ಆ ವರ್ಷ ಸುಸ್ಥಿರ ಕೃಷಿ ಗ್ರಾಮವೆಂಬ ಪ್ರಶಸ್ತಿ ಸಿಕ್ಕಿತು. ಗುಂಡಿಯ ಮಟ್ಟ ತಗ್ಗದಂತೆ ನೋಡಿಕೊಳ್ಳುವ ಹೊಣೆಯನ್ನು ಮನೆಮನೆಗೆ ಹಂಚಲಾಯಿತು; ಯಾರೂ ತಕರಾರು ಮಾಡಲಿಲ್ಲ.

ಈಚೆಗೆ ಅರಕೇರಿಯ ಹೆಣ್ಣುಮಕ್ಕಳು ತಿಳಿದುಕೊಂಡು ಹೋಗಲು ಬಂದಿದ್ದರು. ತಮ್ಮೂರಿಗೂ ಗುಂಡಿ ಬಂದಿದೆ, ಕಸ ಸಾಲುತ್ತಿಲ್ಲ ಎಂದು ಗೋಳಾಡಿಕೊಂಡರು. ಗುರುಬಸವ್ವ ಅವರನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿಕೊಟ್ಟಳು:

“ಮೊದಲನೇ ರೊಟ್ಟಿ ಗುಂಡಿಗೆ ಹಾಕ್ರೆವ್ವಾ, ಮಕ್ಕಳಿಗೆ ಆಮ್ಯಾಲೆ. ಬಿಸಿ ಇದ್ದಾಗ ಒಗದು ಬರ್ರಿ. ಆರಾಕ ಬಿಟ್ರ ಯಾರರ ತಿಂದುಬಿಡ್ತಾರ.”