ಒಂದು ಗಂಟು, ಎರಡು ಗಂಟೆ

ಮುಂದಿನ ವರ್ಷದ ನಮ್ಮ ನೇಕಾರ ಸಂಘದ ಕ್ಯಾಲೆಂಡರಿನ ರಟ್ಟಿನ ಮೇಲೆ ಹಕ್ಕಿಯೊಂದು ಮರಿಗೆ ಗುಟುಕು ಕೊಡುವ ಚಿತ್ರ ಬರುತ್ತದೆ, ಅದನ್ನು ತೆಗೆಯುವವನು ತುಡಿಯಲೂರಿನ ಈ ಧನಪಾಲನೇ! ಹೀಗೆಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಸಾರಿದಾಗ ನಾನು ಚಿತ್ರ ತೆಗೆಯುವುದಿರಲಿ, ಕ್ಯಾಮೆರಾದ ಮುಚ್ಚಳವನ್ನೂ ತೆಗೆದಿರಲಿಲ್ಲ. ಕ್ಯಾಮೆರಾ ಕೂಡ ಅಳಿಯ ದಿವಾಕರ್ ನಮ್ಮ ಮನೆಯಲ್ಲಿ ಮರೆತು ಹೋದದ್ದು. ತಲೆಮಾರುಗಳಿಂದ ಕೊಯಮತ್ತೂರು ಕಡೆ ನೆಲೆಸಿದ ಕನ್ನಡ ನೇಕಾರರು ನಾವು; ನಮ್ಮ ಗುಂಪಿನಲ್ಲಿ ಮಾತು ಕನ್ನಡ, ಅಕ್ಷರ ತಮಿಳು. ಜಂಬಕ್ಕೆ ಯಾವ ಲಿಪಿಯಾದರೇನು? ಕಾರ್ಯದರ್ಶಿ ಆರುಮುಗಂ, "ಭಾನುವಾರ ಮಧ್ಯಾಹ್ನ ಫೋನ್ ಮಾಡ್ತೀನಿ, ರೆಡಿ ಇಟ್ಟಿರಿ" ಎಂದು ಬರೆದ. ನಾನು ಹೆಬ್ಬೆರಳು ಎತ್ತಿದೆ.

ಹಕ್ಕಿ ಹುಡುಕಿಕೊಂಡು ಕಾಡಿಗೆ ಹೋಗಬೇಕಿರಲಿಲ್ಲ. ನಮ್ಮ ಹಿತ್ತಿಲಿನಲ್ಲಿ, ಮಗ್ಗದ ಶೆಡ್ಡಿನ ಪಕ್ಕದ ಅಂಜೂರದ ಗಿಡದಲ್ಲಿ, ಸಿಂಪಿಗ ಹಕ್ಕಿಯ ಜೋಡಿಯೊಂದು ಎರಡು ಎಲೆ ಸೇರಿಸಿ ಹೊಲಿದು, ಒಳಗೆ ನಮ್ಮದೇ ಮಗ್ಗದ ಹತ್ತಿ ಹಾಸಿ, ಮೂರು ಮರಿ ಮಾಡಿತ್ತು. ಮೊದಲು ಕಂಡವಳು ನನ್ನ ಹೆಂಡತಿ ಗೋಮತಿ. ಅಂದಿನಿಂದ ಆ ಕಡೆಯ ತಂತಿಗೆ ಬಟ್ಟೆ ಬಿದ್ದಿಲ್ಲ. ಪಕ್ಕದ ಮನೆಯ ಬೆಕ್ಕಿಗೆ ನಮ್ಮ ಕಾಂಪೌಂಡಿನೊಳಗೆ ಪ್ರವೇಶವಿಲ್ಲ! ಅವಳು ತಿರುಪ್ಪೂರಿನವಳು, ಮದುವೆಗೆ ಮುಂಚೆ ಬನಿಯನ್ ಕಂಪನಿಯಲ್ಲಿ ಹೊಲಿಯುತ್ತಿದ್ದವಳು.

"ನೋಡಿ, ಎಷ್ಟು ಸಣ್ಣ ತೈಯಲ್! ಈ ಚಿಟ್ಟು ಹಕ್ಕಿ ನಮ್ಮ ಕಂಪನಿ ಆಳು" ಎಂದಳು ಹೆಮ್ಮೆಯಿಂದ.

"ಹೊಲಿಗೆ ಏನು ಮಹಾ? ನಾವು ನೇಯ್ದರೆ ತಾನೇ ನೀವು ಹೊಲಿಯೋದು!" ಎಂದೆ ನಾನು.

ಇದು ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ನಡೆಯುತ್ತಿರುವ ಮೊಕದ್ದಮೆ.

ಭಾನುವಾರ ಬೆಳಿಗ್ಗೆ ಗೋಮತಿ ಪೋತ್ತನೂರಿನ ಅಕ್ಕನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, "ಗಿಡದ ಹತ್ರ ಹೋಗ್ಬೇಡಿ. ದೂರದಿಂದ ನೋಡಿದ್ರೆ ಪೋದುಂ, ಅಷ್ಟೇ ಸಾಕು" ಎಂದಳು.

"ನಾನೇನು ಚಿಕ್ಕ ಮಗುವಾ?"

"ಚಿಕ್ಕ ಮಗು ಆಗಿದ್ರೆ ಜೊತೇಲೇ ಎತ್ಕೊಂಡು ಹೋಗ್ತಿದ್ದೆ!"

ಬಸ್ಸು ತಿರುವು ದಾಟಿರಲಿಕ್ಕಿಲ್ಲ, ನಾನು ಹಿತ್ತಿಲಿನಲ್ಲಿದ್ದೆ. ದೊಡ್ಡ ಫೋಟೋಗ್ರಾಫರುಗಳು ಹಕ್ಕಿಗೆ ಕಾಣದಂತೆ ಮರೆಯಲ್ಲಿ ಕೂರುತ್ತಾರೆಂದು ಕೇಳಿದ್ದೆ. ಹಗ್ಗದ ಮಂಚವನ್ನು ನೆಟ್ಟಗೆ ನಿಲ್ಲಿಸಿ, ಗೋಮತಿಯ ಹಸಿರು ರೇಷ್ಮೆ ಸೀರೆಯನ್ನು ಹೊದಿಸಿದೆ. ಹಸಿರಿಗೆ ಹಸಿರು! ಒಳಗೆ ಕೂತು ಕಣ್ಣಿಟ್ಟರೆ ಗೂಡಿನ ಮುಂದೆ ಅಗಲವಾದ ಎಲೆಗಳ ಕೊಂಬೆಯೊಂದು ಅಡ್ಡ. ಆ ಕೊಂಬೆಯನ್ನು ಈಚೆಗೆ ಎಳೆದು, ತಂತಿಯ ಕಂಬಕ್ಕೆ ನೂಲಿನಿಂದ ಬಿಗಿದೆ. ಹಾಕಿದ್ದು ನೇಕಾರನ ಗಂಟು, ಸ್ವಾಮಿ! ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಕಣ್ಣು ಮುಚ್ಚಿ ಹಾಕುವ ಗಂಟು. ನನ್ನ ಗಂಟು ಬಿಚ್ಚಿಕೊಂಡದ್ದನ್ನು ಕಂಡವರು ಕೊಯಮತ್ತೂರು ಜಿಲ್ಲೆಯಲ್ಲೇ ಇಲ್ಲ!

ಗೂಡು ರಂಗಸ್ಥಳದಂತೆ ತೆರೆದುಕೊಂಡಿತು. ಮೂರು ಬೋಳು ತಲೆಗಳು, ಮೂರು ಪುಟ್ಟ ಬಾಯಿಗಳು. ತಾಯಿ ಹಸಿರು ಹುಳ ಕಚ್ಚಿಕೊಂಡು ಬಂತು, ತಂತಿಯ ಮೇಲೆ ಕೂತಿತು, ಬಾಲ ಕುಣಿಸಿ "ಟುವೀ ಟುವೀ" ಎಂದು ಅರಚಿತು. ಗೂಡಿಗೆ ಮಾತ್ರ ಬರಲಿಲ್ಲ. ತಂದೆ ಬಂತು. ಅದೂ ಅರಚಿತು. "ಆಹಾ, ಏನು ಭಾವ!" ಎಂದು ನಾನು ಕ್ಲಿಕ್ಕಿಸುತ್ತಲೇ ಇದ್ದೆ. ಹತ್ತು ಹೋಗಿ ಹನ್ನೊಂದಾಯಿತು. ಹುಳ ಕೊಕ್ಕಿನಲ್ಲೇ ಜೋತಾಡುತ್ತಿತ್ತು. ಚಿತ್ತಿರೈ ತಿಂಗಳ ಬಿಸಿಲು ನೇರವಾಗಿ ಗೂಡಿಗೇ ಬಿತ್ತು. ಆಗಲೂ ನನಗೆ ಹೊಳೆದದ್ದು ಒಂದೇ: ಬೆಳಕು ಚೆನ್ನಾಗಿದೆ!

ಹನ್ನೆರಡಕ್ಕೆ ಗೋಮತಿ ಬಂದಳು. ಮಂಚ ನೋಡಿದಳು. ಸೀರೆ ನೋಡಿದಳು. ಸೀರೆಯ ಗೊಡವೆಗೇ ಹೋಗದೆ ನೇರವಾಗಿ ಗೂಡಿನ ಕಡೆ ನಡೆದಳು.

"ಕುಂಜುಗಳು ಯಾಕೆ ತಲೆ ಜೋಲು ಹಾಕಿವೆ?"

ನೋಡಿದೆ. ಕ್ಯಾಮೆರಾ ಇಲ್ಲದೆ ನಾನು ಆ ಮರಿಗಳನ್ನು ನೋಡಿದ್ದು ಅದೇ ಮೊದಲು. ಮೂರು ತಲೆಗಳೂ ಗೂಡಿನ ಅಂಚಿಗೆ ಒರಗಿದ್ದವು. ಒಂದು ಮರಿ ಬಾಯಿ ತೆರೆದಿತ್ತು, ದನಿ ಇರಲಿಲ್ಲ.

"ಎಷ್ಟು ಹೊತ್ತಾಯ್ತು ತಾಯಿ ಬಂದು?"

"ಎರಡು... ಎರಡು ಗಂಟೆ ಇರಬಹುದು."

"ಅಡಪ್ಪಾವಿ! ಬಿಚ್ಚಿ ಅದನ್ನ!"

ಬಿಚ್ಚಲು ಹೋದೆ. ಬಿಚ್ಚಲಿಲ್ಲ. ಉಗುರು ಹಾಕಿದೆ, ಹಲ್ಲು ಹಾಕಿದೆ. ನನ್ನ ಗಂಟಲ್ಲವೇ! ಗಾಬರಿಯಲ್ಲಿ ಜಗ್ಗಿದೆ ನೋಡಿ, ಗಿಡವೇ ಅಲುಗಾಡಿ ಗೂಡಿನ ಹೊಲಿಗೆಯೊಂದು ಪಟ್ಟೆಂದು ಹರಿಯಿತು. ಒಂದು ಮರಿ ಅರ್ಧ ಹೊರಗೆ ಜಾರಿತು. ಗೋಮತಿ ಅಂಗೈ ಚಾಚಿ ಹಿಡಿದಳು.

"ಅಲುಗಾಡ್ಬೇಡಿ! ನನಗೆ ಮೂರು ಗಂಟು ಹಾಕಿದ್ದೂ ಇದೇ ಕೈ ಅಲ್ವಾ? ಅದೂ ಬಿಚ್ಚಲ್ಲ, ಇದೂ ಬಿಚ್ಚಲ್ಲ!"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಒಂದು ಕೈಯಲ್ಲಿ ಮರಿ ಹಿಡಿದು, ಇನ್ನೊಂದು ಕೈಯಲ್ಲಿ, ನಾನು ನೂಲು ತುಂಡರಿಸಲು ತಂದಿಟ್ಟಿದ್ದ ಕತ್ತರಿಯಿಂದ ನೂಲು ಕತ್ತರಿಸಿದಳು. ಕೊಂಬೆ ಚಿಮ್ಮದಂತೆ ನಾನು ಅಂಗುಲ ಅಂಗುಲವಾಗಿ ಹಿಂದಕ್ಕೆ ಬಿಟ್ಟೆ.

"ಸೂಜಿ ತನ್ನಿ. ಒಂಟಿ ಎಳೆ, ಬಿಳಿ ನೂಲು."

ಓಡಿ ಹೋಗಿ ತಂದುಕೊಟ್ಟೆ. ಅವಳು ಮರಿಯನ್ನು ಒಳಗೆ ಸೇರಿಸಿ, ಹರಿದ ಜಾಗದಲ್ಲಿ ಎರಡೇ ಎರಡು ಹೊಲಿಗೆ ಹಾಕಿದಳು. ನೂಲಿನ ತುದಿಯನ್ನು ಹಾಗೇ ಬಿಟ್ಟಳು.

"ಗಂಟು ಹಾಕ್ಲಿಲ್ವಲ್ಲ?" ಬಾಯಿ ತಡೆಯದೆ ಕೇಳಿಬಿಟ್ಟೆ.

"ಚಿಟ್ಟು ಹಾಕಿದೆಯಾ? ಮರಿ ಬೆಳೆದ್ರೆ ಗೂಡೂ ಸ್ವಲ್ಪ ಬಿಟ್ಟುಕೊಡಬೇಕು. ಬಿಗಿಯೋದೊಂದೇ ಕೆಲಸ ಅಂದ್ಕೊಂಡಿದೀರಾ?"

ಮಂಚ, ಸೀರೆ ಎಲ್ಲ ಎತ್ತಿ ಇಬ್ಬರೂ ಅಡುಗೆಮನೆಯ ಕಿಟಕಿಗೆ ಬಂದು ನಿಂತೆವು. ನಿಮಿಷ ಹತ್ತಾಯಿತು. ಇಪ್ಪತ್ತಾಯಿತು. ಶೆಡ್ಡಿನ ಮೇಲೆ ಕಾಗೆಯೊಂದು ಕೂತು ನನ್ನ ಕಡೆಗೇ ನೋಡುತ್ತಿತ್ತು. ನನಗಾಗಿ ಮರೆ ಕಟ್ಟಿಕೊಂಡು, ಮರಿಗಳ ಮರೆಯನ್ನು ಕಿತ್ತವನು ನಾನು. ಐವತ್ತಾರು ವರ್ಷದ ಗಂಡಸು ಕಿಟಕಿಯ ಸರಳು ಹಿಡಿದುಕೊಂಡು, "ಬಾರಮ್ಮಾ, ತಪ್ಪಾಯಿತು, ಬಾ" ಎಂದು ಬೆರಳುದ್ದದ ಹಕ್ಕಿಗೆ ಬೇಡಿಕೊಂಡೆ. ನಾಚಿಕೆಯಿಂದ ಗೋಮತಿಯ ಮುಖ ನೋಡಲಾಗಲಿಲ್ಲ.

ಕೊನೆಗೂ ತಂತಿ ಅಲುಗಿತು. ತಾಯಿ ಎಲೆಗಳ ನಡುವೆ ನುಸುಳಿತು. ಒಂದು ಚಿಲಿಪಿಲಿ ಕೇಳಿತು, ಆಮೇಲೆ ಮೂರು. ಕೊಂಬೆ ಅಡ್ಡ ಇದ್ದುದರಿಂದ ಗುಟುಕು ಕೊಟ್ಟದ್ದು ನಮಗೆ ಕಾಣಿಸಲೇ ಇಲ್ಲ. ಗೋಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕ್ಯಾಮೆರಾದಲ್ಲಿದ್ದ ನೂರಾ ಹನ್ನೆರಡು ಚಿತ್ರಗಳನ್ನೂ ಅಳಿಸಿದೆ.

ಜೀವ ಬಂದಂತಾಗಿ, ಹಸಿವೂ ಬಂತು. ತಟ್ಟೆ ಹಾಕಿಕೊಂಡು ಕೂತೆ. "ಊಟಕ್ಕೆ ಬಡಿಸ್ತೀಯಾ?"

"ಬಡಿಸ್ತೀನಿ. ನೀವು ಹಾಕಿದ್ದು ಒಂದು ಗಂಟು, ಅದಕ್ಕೆ ಆ ಕುಂಜುಗಳು ಕಾದಿದ್ದು ಎರಡು ಗಂಟೆ. ನೀವೂ ಅಷ್ಟೇ ಕಾಯಿರಿ" ಎಂದು ರಸದ ಪಾತ್ರೆಗೆ ಮುಚ್ಚಳ ಹಾಕಿದಳು.

ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಆರುಮುಗಂ! ನಾನು ಕೈ ಚಾಚುವ ಮೊದಲೇ ಗೋಮತಿ ಎತ್ತಿ ಹಲೋ ಎಂದಳು.

"ಏನ್ ತಂಗಚ್ಚಿ, ಮರಿ ಫೋಟೋ ಸಿಕ್ತಾ?" ಎನ್ನುವುದು ನನಗೂ ಕೇಳಿಸಿತು.

ಗೋಮತಿ ಖಾಲಿ ತಟ್ಟೆಯ ಮುಂದೆ ಕೂತಿದ್ದ ನನ್ನನ್ನು ಒಮ್ಮೆ ನೋಡಿದಳು.

"ಈಗಲೇ ತೆಗೆದು ಕಳಿಸ್ತೀನಿ, ಅಣ್ಣಾ. ಮರಿ ಬಾಯಿ ತೆರ್ಕೊಂಡೇ ಕೂತಿದೆ!"